ಮಡಿಚಿಟ್ಟ ಕೌದಿಯನ್ನು ಮತ್ತೆ ಹಾಸಿರಿ

ಪ್ರಶ್ನೆ: ನನಗೆ 58 ವರ್ಷ. ಹಳೆ ಬಾಗಲಕೋಟೆಯಲ್ಲಿದ್ದಾಗ, ಎರಡನೆಯ ಹೆರಿಗೆಯ ನಂತರ ಬೆನ್ನುನೋವಿಗೆಂದು ಯೋಗ ಕಲಿತೆ. ಅಲ್ಲಿಂದ 26 ವರ್ಷ ಬೆಳಗಿನ ಐದು ಗಂಟೆಯ ಅಭ್ಯಾಸ ಬಿಟ್ಟವಳಲ್ಲ. ಮುಳುಗಡೆಯಾಗಿ ನವನಗರಕ್ಕೆ ಬಂದ ಮರುದಿನವೂ ಸಾಮಾನಿನ ಗಂಟುಗಳ ನಡುವೆ ಅವ್ವ ಹೊಲಿದ ಕೌದಿ ಹಾಸಿ ಸೂರ್ಯನಮಸ್ಕಾರ ಮಾಡಿದ್ದೆ. ಕಳೆದ ವರ್ಷ ಮನೆಯವರು ತೀರಿಕೊಂಡರು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದರು. ಕೊನೆಯ ರಾತ್ರಿ ಅವರ ಕೈ ಹಿಡಿದು ಉಸಿರು ಎಣಿಸುತ್ತ ಕುಳಿತಿದ್ದೆ, ಬೆಳಗಾದದ್ದೇ ತಿಳಿಯಲಿಲ್ಲ. ಆಮೇಲೆ ಯೋಗವೇ ಬೇಡವೆನಿಸಿದೆ. ಕಣ್ಣು ಮುಚ್ಚಿದರೆ ಅಳು ಬರುತ್ತದೆ. ಮೊಣಕಾಲು ಸವೆದಿದೆ, ಪದ್ಮಾಸನ ಆಗುತ್ತಿಲ್ಲ. ರಕ್ತದೊತ್ತಡಕ್ಕೆ ಗುಳಿಗೆ ಶುರುವಾಗಿದೆ. ಮನೆಗೆ ಬಂದು ಕಲಿಯುತ್ತಿದ್ದ ಆರು ಜನ ಹೆಣ್ಣುಮಕ್ಕಳಿಗೆ ಮುಖ ತೋರಿಸಲು ನಾಚಿಕೆ. ‘ಯೋಗ ಮಾಡಿದರೆ ಮನಸ್ಸು ಗಟ್ಟಿಯಾಗುತ್ತದೆ’ ಎಂದು ಅವರಿಗೆ ಹೇಳುತ್ತಿದ್ದವಳು ನಾನೇ. ಮಗ ಬೆಂಗಳೂರಿಗೆ ಬಂದುಬಿಡು ಎನ್ನುತ್ತಿದ್ದಾನೆ. ಇಷ್ಟು ವರ್ಷ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತೇ?
– ಹೆಸರು ಬೇಡ, ನವನಗರ, ಬಾಗಲಕೋಟೆ

ಉತ್ತರ: ಅಕ್ಕಾ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೂರು ಸಲವೂ ಒಂದೇ ಸಾಲಿನಲ್ಲಿ ನಿಂತೆ. ‘ಕೈ ಹಿಡಿದು ಉಸಿರು ಎಣಿಸುತ್ತ ಕುಳಿತಿದ್ದೆ’ ಎಂದು ನೀವು ಹಾಗೇ ಬರೆದು ಮುಂದೆ ಹೋಗಿದ್ದೀರಿ. ನನ್ನ ತಂದೆ ಹೋಗುವ ರಾತ್ರಿ ನಾನು ಆಸ್ಪತ್ರೆಯ ಮೊಗಸಾಲೆಯಲ್ಲಿ ಮೊಬೈಲ್ ಹಿಡಿದು ಓಡಾಡುತ್ತಿದ್ದೆ. ಒಳಗೆ ಹೋಗಿ ಪಕ್ಕದಲ್ಲಿ ಕೂರುವುದು ನನ್ನಿಂದ ಆಗಲಿಲ್ಲ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ನೀವು ಕುಳಿತಿರಿ, ಬೆಳಗಿನ ತನಕ ಕುಳಿತಿರಿ. ಆ ಕೂರುವಿಕೆಯನ್ನು ನಿಮಗೆ ಯಾರು ಕಲಿಸಿದರು? ದಿನಾ ಐದು ಗಂಟೆಗೆ ಎದ್ದು ಆ ಕೌದಿಯ ಮೇಲೆ ನೀವು ಕಲಿತದ್ದು ಅದನ್ನೇ. ಆ ರಾತ್ರಿ ಅದು ನಿಮ್ಮವರಿಗೂ ಒದಗಿತು.

ಯೋಗ ಮಾಡುವವರು ಅಳಬಾರದು ಎಂಬ ಮಾತನ್ನು ಯಾರು ಹುಟ್ಟಿಸಿದರೋ, ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಪತಂಜಲಿ ಹಾಗೆ ಹೇಳಿಲ್ಲ. ಯೋಗಸೂತ್ರದ ಮೊದಲ ಪಾದದಲ್ಲಿ, ಅಂದರೆ ಮೊದಲ ಅಧ್ಯಾಯದಲ್ಲಿ, ಅವರು ಒಂಬತ್ತು ಅಡ್ಡಿಗಳನ್ನು ಹೆಸರಿಸುತ್ತಾರೆ. ಮೊದಲನೆಯದು ವ್ಯಾಧಿ. ಕೊನೆಯದು ಅನವಸ್ಥಿತತ್ವ, ಅಂದರೆ ಒಂದು ನೆಲೆಗೆ ತಲುಪಿದ ಮೇಲೂ ಅಲ್ಲಿ ನಿಲ್ಲಲಾಗದಿರುವುದು. ನೆಲೆಯನ್ನೇ ಕಾಣದವರಿಗೆ ಈ ಅಡ್ಡಿ ಬರುವುದಿಲ್ಲ, ಬಹುಕಾಲ ಸಾಧನೆ ಮಾಡಿದವರಿಗೇ ಬರುತ್ತದೆ. ಮುಂದಿನ ಸೂತ್ರದಲ್ಲಿ ಇವುಗಳ ಜೊತೆಗೆ ಬರುವುದು ದುಃಖ, ಮನಸ್ಸಿನ ಕುಗ್ಗು, ಮೈನಡುಕ, ಉಸಿರಿನ ಏರುಪೇರು. ನಿಮ್ಮ ಈ ಒಂದು ವರ್ಷವೂ ಆ ಸಾಲಿನಲ್ಲಿದೆ ಅಕ್ಕಾ. ನೀವು ದಾರಿ ತಪ್ಪಿಲ್ಲ.

ಕಣ್ಣು ಮುಚ್ಚಿದಾಗಲೇ ಅಳು ಏಕೆ ಬರುತ್ತದೆ? ಹಗಲೆಲ್ಲ ಬಂದವರಿಗೆ ಚಹಾ, ಬ್ಯಾಂಕಿನ ಕಾಗದ, ಪಿಂಚಣಿಯ ಅರ್ಜಿ ಎಂದು ಹೊಟ್ಟೆ, ಭುಜಗಳನ್ನು ಬಿಗಿಹಿಡಿದೇ ಇರುತ್ತೀರಿ. ಉಸಿರು ಎದೆಯ ಮೇಲ್ಭಾಗದಲ್ಲೇ ಆಡುತ್ತಿರುತ್ತದೆ. ಕುಳಿತು ಅದನ್ನು ಉದ್ದಕ್ಕೆ ಬಿಟ್ಟೊಡನೆ ಹೃದಯದ ಬಡಿತ ತುಸು ನಿಧಾನವಾಗುತ್ತದೆ, ಬಿಗಿ ಸಡಿಲುತ್ತದೆ, ತಡೆದಿಟ್ಟದ್ದು ಹೊರಗೆ ಬರುತ್ತದೆ. ಬರಲಿ. ಸದ್ಯಕ್ಕೆ ಕಣ್ಣು ತೆರೆದೇ ಕುಳಿತುಕೊಳ್ಳಿ, ಎದುರಿನ ಗೋಡೆಯನ್ನೋ ತುಳಸಿಕಟ್ಟೆಯನ್ನೋ ನೋಡುತ್ತಿರಿ. ಅಳು ಬಂದರೆ ಅತ್ತು, ಮುಖ ಒರೆಸಿಕೊಂಡು, ಇನ್ನೆರಡು ಉಸಿರು ಕುಳಿತು ಏಳಿ.

ಇನ್ನು ದೇಹದ ಮಾತು. ಊರು ಮುಳುಗಡೆಯಾದಾಗ ನೀವು ಹಳೆ ಮನೆಯ ಪಡಸಾಲೆಯೇ ಬೇಕೆಂದು ಹಟ ಹಿಡಿಯಲಿಲ್ಲ. ಆಲಮಟ್ಟಿಯ ಹಿನ್ನೀರು ಘಟಪ್ರಭೆಯ ದಂಡೆಯ ಓಣಿಗಳನ್ನು ನುಂಗಿತು. ನೀವು ಸೆಕ್ಟರಿನ ಹೊಸ ಮನೆಯಲ್ಲಿ ಇದ್ದ ಜಾಗದಲ್ಲೇ ಹಾಸಿದಿರಿ. ಈಗ ದೇಹವೂ ಮನೆ ಬದಲಿಸಿದೆ, ಇಲ್ಲಿಯೂ ಇದ್ದ ಜಾಗದಲ್ಲೇ ಹಾಸಬೇಕು. ಪತಂಜಲಿ ಆಸನಕ್ಕೆ ಕೊಟ್ಟ ಲಕ್ಷಣ ‘ಸ್ಥಿರಸುಖಮಾಸನಂ’, ಅಂದರೆ ಅಲುಗದೆ ಹಿತವಾಗಿರುವ ಭಂಗಿಯೇ ಆಸನ, ಅಷ್ಟೇ. ಅಲ್ಲಿ ಪದ್ಮಾಸನದ ಹೆಸರಿಲ್ಲ. ಕುರ್ಚಿಯಲ್ಲಿ ಕುಳಿತರೂ ಅದು ಆಸನವೇ.

ಅವ್ವನ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಕುರ್ಚಿಯ ಮೇಲೆ ಹಾಕಿಕೊಳ್ಳಿ. ಪಾದಗಳು ನೆಲಕ್ಕೆ ಪೂರ್ತಿ ತಾಗಲಿ. ಗೋಡೆಗೆ ಬೆನ್ನು ಕೊಟ್ಟು ನೆಟ್ಟಗೆ ನಿಂತು ತಾಡಾಸನ ಮಾಡಿ, ತೊಡೆಯ ಸ್ನಾಯುಗಳನ್ನು ಬಿಗಿದು ಸಡಿಲಿಸಿ. ತೊಡೆ ಬಲವಾದಷ್ಟೂ ಮೊಣಕಾಲಿಗೆ ಆಸರೆ. ಸರ್ವಾಂಗಾಸನ, ಶೀರ್ಷಾಸನಗಳನ್ನು ಸದ್ಯ ಬಿಡಿ, ಉಸಿರು ಕಟ್ಟಿ ಹಿಡಿಯುವ ಕುಂಭಕವನ್ನೂ ಬಿಡಿ. ರಕ್ತದೊತ್ತಡ ಇರುವಾಗ ಅವು ಬೇಡ. ಬದಲಿಗೆ ನೆಲದ ಮೇಲೆ ಅಂಗಾತ ಮಲಗಿ ಮೀನಖಂಡಗಳನ್ನು ಕುರ್ಚಿಯ ಮೇಲಿಟ್ಟು ಹತ್ತು ನಿಮಿಷ ಶವಾಸನ ಮಾಡಿ. ಆಮೇಲೆ ದುಂಬಿಯಂತೆ ಗುಂಯ್‌ಗುಡುತ್ತ ಉಸಿರು ಬಿಡುವ ಭ್ರಾಮರಿ. ಮೊಣಕಾಲಿಗೆ ಯಾವುದು ಸಲ್ಲುತ್ತದೆ ಎಂದು ನಿಮ್ಮ ಡಾಕ್ಟರನ್ನು ಒಮ್ಮೆ ಕೇಳಿ.

ಇದನ್ನು ಕೆಳಗಿಳಿದದ್ದು ಎಂದುಕೊಳ್ಳಬೇಡಿ. ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್ ನಮ್ಮ ಭಾಗಕ್ಕೆ ಹೊರಗಿನವರಲ್ಲ. 1937ರಲ್ಲಿ ಅವರನ್ನು ಪುಣೆಗೆ ಕರೆಸಿಕೊಂಡ ಡಾ. ಗೋಖಲೆ ಬೆಳಗಾವಿಯಲ್ಲಿ ಸಿವಿಲ್ ಸರ್ಜನ್ ಆಗಿದ್ದವರು. ಆ ಅಯ್ಯಂಗಾರರಿಗೇ ಅರವತ್ತರ ಆಸುಪಾಸಿನಲ್ಲಿ ಸ್ಕೂಟರ್ ಅಪಘಾತವಾಯಿತು. ಕೈವಶವಾಗಿದ್ದ ಆಸನಗಳು ಕೈತಪ್ಪಿದವು. ಅವರು ಮೊದಲ ಪಾಠದಿಂದ ಮತ್ತೆ ತೊಡಗಿದರು. ಹಗ್ಗ, ಪಟ್ಟಿ, ಕುರ್ಚಿ, ಮರದ ತುಂಡುಗಳ ಆಸರೆ ಪಡೆದೇ ತೊಂಬತ್ತು ದಾಟಿದ ಮೇಲೂ ಅಭ್ಯಾಸ ಮಾಡಿದರು.

ಆ ಆರು ಜನರನ್ನು ಕರೆಯಿರಿ. ‘ನನಗೆ ಅಳು ಬರುತ್ತದೆ, ನನ್ನ ಮೊಣಕಾಲು ನೋಯುತ್ತದೆ, ಇವತ್ತು ನಿಮ್ಮಲ್ಲೊಬ್ಬರು ಹೇಳಿಕೊಡಿ, ನಾನು ಕುರ್ಚಿಯಲ್ಲಿ ಮಾಡುತ್ತೇನೆ’ ಎನ್ನಿ. ನಾಳೆ ಅವರಲ್ಲೂ ಯಾರಿಗೋ ಮೊಣಕಾಲು ಸವೆಯುತ್ತದೆ, ಯಾರ ಮನೆಗೋ ಸಾವು ಬರುತ್ತದೆ. ಆಗ ಏನು ಮಾಡಬೇಕೆಂದು ನಿಮ್ಮನ್ನು ನೋಡಿ ಕಲಿತಿರುತ್ತಾರೆ.

ಬೆಂಗಳೂರಿಗೆ ತಿಂಗಳೊಪ್ಪತ್ತು ಹೋಗಿಬನ್ನಿ. ಮನೆ ಮಾರುವ, ಬಾಡಿಗೆಗೆ ಕೊಡುವ ಮಾತು ಈಗ ಬೇಡ. ಒಮ್ಮೆ ಊರು ಬಿಟ್ಟವರಿಗೆ ಇನ್ನೊಮ್ಮೆ ಬಿಡುವುದೆಷ್ಟು ಭಾರವೆಂದು ಮಗನಿಗೂ ಹೇಳಿ.

ಒಂದು ವಿಷಯದಲ್ಲಿ ಮಾತ್ರ ಸಂಕೋಚ ಬೇಡ. ವಾರಗಟ್ಟಲೆ ನಿದ್ದೆ ಬರದಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡವೆನಿಸಿದರೆ ಯೋಗವನ್ನಷ್ಟೇ ನಂಬಿ ಕೂರಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ; ಕನ್ನಡದಲ್ಲೇ ಮಾತನಾಡಬಹುದು, ಖರ್ಚಿಲ್ಲ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಕೂಡ ದೂರವಿಲ್ಲ.

ತಿಂಗಳ ನಂತರ ನನಗೆ ಎರಡು ಸಾಲು ಬರೆಯಿರಿ. ಐದು ಗಂಟೆಗೆ ಏಳಲಾಗದೆ ಏಳಕ್ಕೆ ಎದ್ದಿದ್ದರೆ ಅದನ್ನೂ ಬರೆಯಿರಿ.