ಆಗಸ್ಟಿನ ಕ್ರೀಟ್‌ನಲ್ಲಿ ಸಸ್ಯಾಹಾರಿಗಳಿಗೆ ಊಟ ಸಿಗುತ್ತದೆಯೇ?

ದಾವಣಗೆರೆಯ ಓದುಗರೊಬ್ಬರು ನಮಗೆ ಉದ್ದನೆಯ ಪತ್ರ ಬರೆದಿದ್ದಾರೆ. ಜರ್ಮನಿಯಲ್ಲಿರುವ ಮಗಳು ಮತ್ತು ಅಳಿಯನ ಜೊತೆ ಅವರೂ ಯಜಮಾನರೂ ಕಳೆದ ಆಗಸ್ಟಿನಲ್ಲಿ ಗ್ರೀಸ್ ದೇಶದ ಕ್ರೀಟ್ ದ್ವೀಪಕ್ಕೆ ಹೋಗಿದ್ದರಂತೆ. ಹನ್ಯಾ ಊರಿನ ಹಳೆಯ ಬಂದರಿನ ಹತ್ತಿರ ಉಳಿದುಕೊಂಡಿದ್ದರು. ಗಂಡ ಹೆಂಡತಿ ಇಬ್ಬರೂ ಸಸ್ಯಾಹಾರಿಗಳು, ಮೊಟ್ಟೆಯನ್ನೂ ಮುಟ್ಟುವವರಲ್ಲ. ಅವರ ದೂರುಗಳು ಇಷ್ಟು: "ಫ್ರೆಂಚ್ ಫ್ರೈಸ್ ಮತ್ತು ಸಲಾಡ್ ಬಿಟ್ಟು ನಮಗೆ ಏನೂ ಸಿಗಲಿಲ್ಲ. ಒಂದು ದಿನ ಬೆಂಡೆಕಾಯಿ ಸಿಕ್ಕಿತು, ಅದೂ ಆರಿಹೋಗಿತ್ತು, ಎಣ್ಣೆಯಲ್ಲಿ ತೇಲುತ್ತಿತ್ತು. ಕೇಳದ ಬ್ರೆಡ್ಡಿಗೆ ದುಡ್ಡು ಹಾಕಿದರು. ಬಿಲ್ಲಿಗಾಗಿ ಮುಕ್ಕಾಲು ಗಂಟೆ ಕಾದೆವು. ಈಗ ಮುಂದಿನ ಆಗಸ್ಟಿಗೆ ಬೀಗರನ್ನೂ ಕರೆದುಕೊಂಡು ಮತ್ತೆ ಅಲ್ಲಿಗೇ ಹೋಗೋಣ ಎಂದು ಮಗಳು ಹಟ ಮಾಡುತ್ತಿದ್ದಾಳೆ. ಹೋಗಬೇಕೋ ಬೇಡವೋ ನೀವೇ ಹೇಳಿ."

ನಮಸ್ಕಾರ. ಹೋಗಿ ಅಂತಲೇ ಹೇಳುತ್ತೇನೆ. ಅದರಲ್ಲೂ ಆಗಸ್ಟಿನಲ್ಲೇ ಹೋಗಿ. ಆದರೆ ಊಟಕ್ಕೆ ಕೂರುವ ಜಾಗವನ್ನೂ ಹೊತ್ತನ್ನೂ ಬದಲಾಯಿಸಬೇಕು.

ಮೊದಲು ನಿಮ್ಮ ಬೇಸರದ ಬಗ್ಗೆ. ಬಂದರಿನ ಅಂಚಿನಲ್ಲಿ ಸಾಲಾಗಿ ಮೇಜು ಹಾಕಿರುತ್ತಾರಲ್ಲ, ಮೆನುವಿನ ತುಂಬ ಬಣ್ಣದ ಫೋಟೋ, ಬಾಗಿಲಲ್ಲಿ ನಿಂತು ಕೈಹಿಡಿದು ಕರೆಯುವ ಹುಡುಗರು, ಅಲ್ಲಿ ನಿಮಗೆ ಸಿಕ್ಕಿದ್ದು ಕ್ರೀಟ್‌ನ ಊಟ ಅಲ್ಲ. ಅದು ವೆನಿಸಿನವರು ಕಟ್ಟಿದ ಚಂದದ ಬಂದರು, ನೋಡಲು ಎರಡು ಕಣ್ಣು ಸಾಲದು. ಅಲ್ಲಿ ಕಾಫಿ ಕುಡಿಯಿರಿ, ದೀಪಸ್ತಂಭ ನೋಡಿ. ಊಟಕ್ಕೆ ಮಾತ್ರ ನಾಲ್ಕು ಗಲ್ಲಿ ಒಳಗೆ ನಡೆಯಿರಿ. ಸ್ಪ್ಲಾಂಟ್ಸಿಯಾ ಎಂಬ ಹಳೆಯ ಬಡಾವಣೆ ಬಂದರಿನಿಂದ ನಡೆದು ಹೋಗುವಷ್ಟೇ ದೂರದಲ್ಲಿದೆ.

ಹುಡುಕಬೇಕಾದದ್ದು 'ಮಾಯಿರಿಯೊ' ಎಂಬ ಬಗೆಯ ಹೋಟೆಲು. ಅಲ್ಲಿ ಬೆಳಿಗ್ಗೆಯೇ ಅಡುಗೆ ಮಾಡಿ, ದೊಡ್ಡ ದೊಡ್ಡ ಟ್ರೇಗಳಲ್ಲಿ ಗಾಜಿನ ಹಿಂದೆ ಇಟ್ಟಿರುತ್ತಾರೆ. ಮೆನು ಓದುವ ತಾಪತ್ರಯವಿಲ್ಲ. ಒಳಗೆ ಹೋಗಿ ಬೆರಳು ತೋರಿಸಿದರೆ ಸಾಕು. ಹಸಿ ಹುರುಳಿಕಾಯಿ, ಬೆಂಡೆಕಾಯಿ, ಬದನೆ ಆಲೂಗಡ್ಡೆ ಕುಂಬಳಜಾತಿಯ ಕಾಯಿಗಳನ್ನು ಸೇರಿಸಿ ಓವನ್ನಿನಲ್ಲಿ ಬೇಯಿಸಿದ ಬ್ರಿಯಾಮ್, ಅಕ್ಕಿ ತುಂಬಿದ ಟೊಮೇಟೊ ಮತ್ತು ದಪ್ಪ ಮೆಣಸಿನಕಾಯಿ. ಟೊಮೇಟೊ ಮತ್ತು ಆಲಿವ್ ಎಣ್ಣೆಯಲ್ಲಿ ನಿಧಾನವಾಗಿ ಬೆಂದ ಇಂಥ ತರಕಾರಿಗಳಿಗೆಲ್ಲ 'ಲಾದೆರಾ' ಎನ್ನುತ್ತಾರೆ. ಲಾದೆರಾ ಬಿಸಿಬಿಸಿಯಾಗಿ ತಿನ್ನುವ ಪದಾರ್ಥವೇ ಅಲ್ಲ. ಬೆಳಿಗ್ಗೆ ಬೇಯಿಸಿ, ಆರಲು ಬಿಟ್ಟು, ಎಣ್ಣೆ ಮತ್ತು ಟೊಮೇಟೊ ರಸ ತರಕಾರಿಯ ಒಳಗೆ ಇಳಿದ ಮೇಲೆ ಬಡಿಸುತ್ತಾರೆ. ಆಗಸ್ಟಿನ ಬಿಸಿಲಲ್ಲಿ ಅದೇ ಹಿತ. ನಿಮಗೆ ಬಡಿಸಿದ ಬೆಂಡೆಕಾಯಿ ಆರಿದ್ದು ಅಲಕ್ಷ್ಯದಿಂದಲ್ಲ, ಪದ್ಧತಿಯಿಂದ.

ಎಣ್ಣೆಯ ದೂರೂ ಹೊಸದಲ್ಲ. 1948ರಲ್ಲಿ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದವರು ಕ್ರೀಟ್‌ನ ಜನ ಏನು ತಿನ್ನುತ್ತಾರೆ ಎಂದು ಮನೆಮನೆ ಹೊಕ್ಕು ಲೆಕ್ಕ ಹಾಕಿದರು. ಊಟ ಎಣ್ಣೆಯಲ್ಲಿ ಈಜುತ್ತಿರುತ್ತದೆ ಎಂದು ಅವರ ವರದಿಯಲ್ಲೂ ಇದೆ! 1958ರಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಏಳು ದೇಶಗಳ ಗಂಡಸರ ಊಟ ಮತ್ತು ಹೃದಯದ ಆರೋಗ್ಯದ ಅಧ್ಯಯನ ಶುರು ಮಾಡಿದರು. ಕ್ರೀಟ್‌ನವರ ಊಟದಲ್ಲಿ ಶಕ್ತಿಯ ಸುಮಾರು 40 ಶೇಕಡಾ ಕೊಬ್ಬಿನಿಂದಲೇ ಬರುತ್ತಿತ್ತು, ಹೆಚ್ಚಿನದು ಆಲಿವ್ ಎಣ್ಣೆಯಿಂದ. ಆದರೂ ಹೃದ್ರೋಗದಿಂದ ಸಾಯುವವರು ಅವರಲ್ಲಿ ತೀರಾ ಕಡಿಮೆ. ಅವರು ದಿನವಿಡೀ ಹೊಲದಲ್ಲಿ ದುಡಿಯುತ್ತಿದ್ದರು, ಮಾಂಸ ಅಪರೂಪಕ್ಕೆ ತಿನ್ನುತ್ತಿದ್ದರು ಎಂಬುದನ್ನೂ ಮರೆಯಬಾರದು. ರಜೆಯಲ್ಲಿ ಕುಳಿತು ತಿನ್ನುವ ನಾವು ತಟ್ಟೆಯಲ್ಲಿ ಉಳಿದ ಎಣ್ಣೆಯನ್ನೆಲ್ಲ ಬ್ರೆಡ್ಡಿನಿಂದ ಒರೆಸಿ ಮುಗಿಸಲೇಬೇಕು ಅಂತಿಲ್ಲ.

ಇನ್ನು ಆಗಸ್ಟೇ ಯಾಕೆ ಎಂಬ ಮಾತು. ಆಗಸ್ಟ್ 15 ಅಲ್ಲಿ ಮೇರಿ ಮಾತೆಯ ದೊಡ್ಡ ಹಬ್ಬ. ಅದಕ್ಕೆ ಮೊದಲು, 1ರಿಂದ 14ರವರೆಗೆ, ಆರ್ಥೊಡಾಕ್ಸ್ ಕ್ರೈಸ್ತರು ಉಪವಾಸ ಹಿಡಿಯುತ್ತಾರೆ. ಊಟ ಬಿಡುವ ಉಪವಾಸವಲ್ಲ. ಮಾಂಸ, ಹಾಲು, ಬೆಣ್ಣೆ, ಚೀಸ್, ಮೊಟ್ಟೆ ಬಿಡುವ ಉಪವಾಸ. ಮೀನೂ ಇಲ್ಲ, 6ನೇ ತಾರೀಕಿನ ಹಬ್ಬವೊಂದನ್ನು ಬಿಟ್ಟು. ಅವರ ಪಂಚಾಂಗದಲ್ಲಿ ಇಂಥ ದಿನಗಳೆಲ್ಲ ಸೇರಿದರೆ ವರ್ಷಕ್ಕೆ 180ರಿಂದ 200 ಆಗುತ್ತವೆ. ಇಷ್ಟು ದಿನ ತರಕಾರಿ ಮತ್ತು ಬೇಳೆಯಲ್ಲೇ ಊಟ ಮುಗಿಸಬೇಕಾದ ಜನ ಅದನ್ನು ರುಚಿಯಾಗಿ ಮಾಡಲು ಕಲಿಯದೇ ಇರುತ್ತಾರಾ? ಈಗ ಎಲ್ಲರೂ ಉಪವಾಸ ಹಿಡಿಯುವುದಿಲ್ಲ ನಿಜ. ಆದರೂ ಊರಿನವರು ಉಣ್ಣುವ ಹೋಟೆಲಿನಲ್ಲಿ 'ನಿಸ್ತಿಸಿಮೊ', ಅಂದರೆ ಉಪವಾಸಕ್ಕೆ ನಡೆಯುವ ಅಡುಗೆ, ಇದೆಯಾ ಎಂದು ಕೇಳಿ, ತಕ್ಷಣ ಅರ್ಥವಾಗುತ್ತದೆ. ನಿಮ್ಮಂತೆ ಮೊಟ್ಟೆ ಮುಟ್ಟದವರಿಗೆ ಇದಕ್ಕಿಂತ ಸುಲಭದ ದಾರಿ ಯುರೋಪಿನಲ್ಲಿ ನನಗೆ ಗೊತ್ತಿಲ್ಲ.

ಒಂದು ಎಚ್ಚರಿಕೆ. ರಕ್ತವಿಲ್ಲದ ಜೀವಿಗಳೆಂದು ಆಕ್ಟೋಪಸ್, ಸ್ಕ್ವಿಡ್, ಸಿಗಡಿ, ಕಪ್ಪೆಚಿಪ್ಪಿನ ಜೀವಿಗಳು ಉಪವಾಸಕ್ಕೂ ನಡೆಯುತ್ತವೆ. ಹಾಗಾಗಿ ನಿಸ್ತಿಸಿಮೊ ಎಂದ ಮಾತ್ರಕ್ಕೆ ಸಸ್ಯಾಹಾರ ಎಂದುಕೊಳ್ಳಬೇಡಿ. 'ಇಮೆ ಹೊರ್ತೊಫಾಗೊಸ್', ಅಂದರೆ ನಾನು ಸಸ್ಯಾಹಾರಿ, ಎಂದೂ ಸೇರಿಸಿ. ಅಕ್ಕಿ ತುಂಬಿದ ಟೊಮೇಟೊದಲ್ಲಿ ಕೆಲವರು ಕೊಚ್ಚಿದ ಮಾಂಸ ಹಾಕುತ್ತಾರೆ, ಕೇಳಿ ನೋಡಿ. ಝುಕಿನಿ ಎಂಬ ಕುಂಬಳಜಾತಿಯ ಕಾಯಿಯ ವಡೆಯಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ. ಫ್ರೈಸ್ ಕರಿದ ಎಣ್ಣೆಯಲ್ಲೇ ಸ್ಕ್ವಿಡ್ಡನ್ನೂ ಕರಿದಿರಬಹುದು. ಬೀಗರು ಬಹಳ ಕಟ್ಟುನಿಟ್ಟಿನವರಾದರೆ ಇನ್ನೊಂದು ವಿಷಯ ಮೊದಲೇ ತಿಳಿಸಿ: ಫೆಟಾ, ಗ್ರಾವಿಯೇರಾ ಚೀಸ್‌ಗಳ ಹಾಲನ್ನು ಹಳೆಯ ಕ್ರಮದಲ್ಲಿ ಒಡೆಸುವುದು ಕುರಿಮರಿ, ಆಡುಮರಿಗಳ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ.

ನಿಮ್ಮ ಪತ್ರದಲ್ಲಿ 'ಹೊರ್ತಾ' ಎಂಬ ಹೆಸರೇ ಇಲ್ಲದ್ದು ನೋಡಿ ನನಗೆ ನಿಜಕ್ಕೂ ಹೊಟ್ಟೆ ಉರಿಯಿತು. ಅದು ಬೇಯಿಸಿದ ಸೊಪ್ಪು, ಮೇಲೆ ನಿಂಬೆರಸ ಮತ್ತು ಆಲಿವ್ ಎಣ್ಣೆ. ಬೇಸಿಗೆಯಲ್ಲಿ ಸಿಗುವ ಹೊರ್ತಾ 'ವ್ಲಿತಾ', ನಮ್ಮ ಹರಿವೆ, ದಂಟು ಸೊಪ್ಪಿನ ಕುಲದ್ದೇ. ದಾವಣಗೆರೆಯವರು ತಟ್ಟೆ ನೋಡಿದ ತಕ್ಷಣ ಗುರುತಿಸುತ್ತೀರಿ. ಜೊತೆಗೆ ಫಾವಾ ಹೇಳಿ, ಹಳದಿ ಬೇಳೆಯನ್ನು ನುಣ್ಣಗೆ ಬೇಯಿಸಿ ಮೇಲೆ ಹಸಿ ಈರುಳ್ಳಿ ಹಾಕಿರುತ್ತಾರೆ. ಚೀಸ್ ತಿನ್ನುವುದಾದರೆ ದಾಕೋಸ್ ಬಿಡಬೇಡಿ. ಬಾರ್ಲಿಯ ಗಟ್ಟಿ ರಸ್ಕಿನ ಮೇಲೆ ತುರಿದ ಹಣ್ಣು ಟೊಮೇಟೊ, ಮಿಝಿಥ್ರಾ ಎಂಬ ಮೆದು ಚೀಸ್, ಒರೆಗಾನೊ. ರಸ್ಕು ಟೊಮೇಟೊ ನೀರನ್ನು ಕುಡಿದು ಮೆತ್ತಗಾಗುವಷ್ಟು ಹೊತ್ತು ಕಾಯಬೇಕು. ದಕ್ಷಿಣ ತೀರದ ಸ್ಫಾಕಿಯಾ ಕಡೆಗೆ ಹೋದರೆ ಅಲ್ಲಿನ ಪೀತಾ ತಿನ್ನಿ. ಕಣಕದೊಳಗೆ ಮಿಝಿಥ್ರಾ ತುಂಬಿ, ತೆಳ್ಳಗೆ ತಟ್ಟಿ, ಕಾವಲಿಯಲ್ಲಿ ಬೇಯಿಸಿ ಜೇನು ಸುರಿಯುತ್ತಾರೆ, ಥೇಟ್ ನಮ್ಮ ಹೋಳಿಗೆ.

ಹೊತ್ತಿನ ವಿಷಯ. ಸಂಜೆ ಆರೂವರೆಗೆ ಊಟಕ್ಕೆ ಹೋದೆವು ಎಂದು ಬರೆದಿದ್ದೀರಿ. ಆ ಹೊತ್ತಿಗೆ ಅಲ್ಲಿ ಇನ್ನೂ ಬಿಸಿಲು. ಅಲ್ಲಿಯವರು ರಾತ್ರಿ ಊಟಕ್ಕೆ ಕೂರುವುದು ಒಂಬತ್ತರ ಮೇಲೆ. ವಯಸ್ಸಾದವರಿಗೆ ಅಷ್ಟು ತಡವಾಗಿ ಉಣ್ಣುವುದು ಕಷ್ಟ, ಒಪ್ಪುತ್ತೇನೆ. ಅದಕ್ಕೇ ಮಧ್ಯಾಹ್ನ ಒಂದೂವರೆ ಎರಡಕ್ಕೆ ಮಾಯಿರಿಯೊದಲ್ಲಿ ಹೊಟ್ಟೆ ತುಂಬ ಉಂಡು, ಬಿಸಿಲಿಳಿಯುವವರೆಗೆ ಮಲಗಿಬಿಡಿ. ಟ್ರೇಗಳೂ ಆಗ ತುಂಬಿರುತ್ತವೆ. ರಾತ್ರಿಗೆ ಅಂಜೂರ, ದ್ರಾಕ್ಷಿ, ಮೊಸರು ತಂದು ರೂಮಿನಲ್ಲೇ ತಿಂದರೆ ಆಯಿತು, ಅಲ್ವಾ?

ಬ್ರೆಡ್ಡಿನ ದುಡ್ಡು ಅಲ್ಲಿನ ಹಳೆಯ ರೂಢಿ, ಮೆನುವಿನಲ್ಲಿ ಬರೆದಿರುತ್ತಾರೆ. ಬೇಡವಾದರೆ ತಂದ ಕೂಡಲೇ ವಾಪಸ್ ಕಳಿಸಿ. ಬಿಲ್ಲನ್ನು ನೀವಾಗಿ ಕೇಳುವವರೆಗೆ ತರುವುದಿಲ್ಲ, ಊಟ ಮುಗಿಸಿದವರನ್ನು ಎಬ್ಬಿಸಿದಂತೆ ಆಗುತ್ತದೆ ಅಂತ. 'ಲೊಗಾರಿಯಾಸ್ಮೊ' ಎಂದು ಕೇಳಿ ತರಿಸಿಕೊಳ್ಳಿ. ರಸೀದಿ ಕೊಡದಿದ್ದರೆ ಗಿರಾಕಿ ದುಡ್ಡು ಕೊಡಬೇಕಿಲ್ಲ ಎಂಬುದು ಗ್ರೀಸಿನ ಕಾನೂನು, ಅದನ್ನೂ ಮೆನುವಿನಲ್ಲಿ ಅಚ್ಚು ಹಾಕಿರುತ್ತಾರೆ. ಬಿಲ್ಲಿನ ಜೊತೆ ಕಲ್ಲಂಗಡಿ ಹೋಳು ಮತ್ತು ಸಣ್ಣ ಶೀಷೆಯಲ್ಲಿ ರಾಕಿ ಬಂದರೆ ಗಾಬರಿ ಬೇಡ. ಅದು ಹೋಟೆಲಿನವರ ಪ್ರೀತಿ, ಅದಕ್ಕೆ ದುಡ್ಡಿಲ್ಲ. ರಾಕಿ ಜೋರಾದ ಮದ್ಯ, ಬೇಡವೆಂದರೆ ಯಾರೂ ಬೇಸರಪಡುವುದಿಲ್ಲ. ಕಲ್ಲಂಗಡಿ ತಿನ್ನಿ.

ಮಗಳಿಗೆ ಹೇಳಿ, ಟಿಕೆಟ್ ತೆಗೆಯುವುದಾದರೆ ಆಗಸ್ಟಿನ ಮೊದಲ ಎರಡು ವಾರಕ್ಕೇ ತೆಗೆಯಲಿ. 15ರಂದು ಹಳ್ಳಿ ಹಳ್ಳಿಯಲ್ಲೂ ಹಬ್ಬ, ಉಪವಾಸ ಮುಗಿದು ಮಾಂಸದ ಅಡುಗೆ ಶುರು. ಅಥೆನ್ಸಿನವರೂ ಊರಿಗೆ ಬಂದಿರುತ್ತಾರೆ, ಮೇಜು ಸಿಗುವುದು ಕಷ್ಟ. ಆ ದಿನ ಅಲ್ಲಿದ್ದರೆ ಹಿಂದಿನ ದಿನವೇ ಫೋನ್ ಮಾಡಿ ಆರು ಜನಕ್ಕೆ ಜಾಗ ಹೇಳಿಟ್ಟುಕೊಳ್ಳಲಿ.