ಯುವಕ ಸಂಘದಲ್ಲಿ ರ‍್ಯಾಪ್ ಶುರು ಮಾಡಿದರೆ ಹುಡುಗರು ಬರುತ್ತಾರಾ?

ಸಂಘದ ಮೀಟಿಂಗ್ ಕಡೆ ತಲೆ ಹಾಕದ ಹುಡುಗರು ರ‍್ಯಾಪು, ಬ್ರೇಕ್ ಡ್ಯಾನ್ಸು ಅಂದರೆ ಬರುತ್ತಾರಾ, ಬಂದರೂ ನಿಲ್ಲುತ್ತಾರಾ ಅಂತ ಕೇಳಿದ್ದೀರಿ. ಬರುತ್ತಾರೆ. ನಿಲ್ಲುವುದು ಬಿಡುವುದು ಮಾತ್ರ ಅದು ಯಾರ ಕೈಯಲ್ಲಿದೆ ಅನ್ನುವುದರ ಮೇಲೆ.

ತಾಳಕ್ಕೆ ಪ್ರಾಸ ಕಟ್ಟಿ ಮಾತು ಹೇಳುವ ರ‍್ಯಾಪು, ಬ್ರೇಕ್ ಡ್ಯಾನ್ಸು, ರೆಕಾರ್ಡ್ ಹಾಕುವ ಡಿಜೆ, ಗೋಡೆ ಚಿತ್ರ ಇವೆಲ್ಲ ಸೇರಿದ್ದೇ ಹಿಪ್ ಹಾಪ್. ಅದು ಹುಟ್ಟಿದ್ದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ. 1970ರ ಸುಮಾರಿಗೆ ಅಲ್ಲಿ ಗ್ಯಾಂಗ್‌ಗಳದೇ ಕಾರುಬಾರು. ಇನ್ನೊಬ್ಬರ ಏರಿಯಾಗೆ ಕಾಲಿಟ್ಟರೆ ಹೊಡೆದಾಟ. 1971ರ ಡಿಸೆಂಬರಿನಲ್ಲಿ ಘೆಟ್ಟೋ ಬ್ರದರ್ಸ್ ಗ್ಯಾಂಗಿನ ಕಾರ್ನೆಲ್ ಬೆಂಜಮಿನ್ ಜಗಳ ಬಿಡಿಸಲು ಹೋಗಿ ಕೊಲೆಯಾದ. ಅವನ ಕಡೆಯವರು ಸೇಡು ತೀರಿಸಿಕೊಳ್ಳಲಿಲ್ಲ. ಡಿಸೆಂಬರ್ 8ರಂದು ಹೋ ಅವೆನ್ಯೂದ ಬಾಯ್ಸ್ ಕ್ಲಬ್ಬಿನಲ್ಲಿ ಹತ್ತಾರು ಗ್ಯಾಂಗ್‌ಗಳನ್ನು ಕೂರಿಸಿ ರಾಜಿ ಮಾತಾಡಿದರು. ಹೊಡೆದಾಟ ಪೂರ್ತಿ ನಿಲ್ಲಲಿಲ್ಲ, ಆದರೆ ಬೇರೆ ಬೀದಿಯ ಪಾರ್ಟಿಗೆ ಹೋಗಿ ಬರುವಷ್ಟು ಧೈರ್ಯ ಬಂತು. ಹಿಪ್ ಹಾಪ್ ಶಾಂತಿ ತಂದಿತು ಅನ್ನುತ್ತಾರಲ್ಲ, ನನಗೆ ಅದು ಉಲ್ಟಾ ಅನ್ನಿಸುತ್ತದೆ. ರಾಜಿ ಮೊದಲು, ಹಾಡು ಆಮೇಲೆ.

1973ರ ಆಗಸ್ಟ್ 11ರಂದು ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ ಸ್ಕೂಲಿಗೆ ಹೊಸ ಬಟ್ಟೆ ಕೊಳ್ಳಲು ದುಡ್ಡು ಬೇಕು ಅಂತ ತಮ್ಮ ಅಪಾರ್ಟ್‌ಮೆಂಟ್ ಕಟ್ಟಡದ ಹಾಲಿನಲ್ಲಿ ಪಾರ್ಟಿ ಇಟ್ಟಳು. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50. ರೆಕಾರ್ಡ್ ಹಾಕಿದವನು ಅವಳ ಅಣ್ಣ, ಡಿಜೆ ಕೂಲ್ ಹರ್ಕ್. ಹಾಡು ನಿಂತು ಬರೀ ಡ್ರಮ್ ಬಾರಿಸುವ ತುಣುಕಿಗೇ ಕುಣಿಯುವವರು ಕಾಯುತ್ತಾರೆ ಅನ್ನುವುದನ್ನು ಅವನು ಗಮನಿಸಿದ್ದ. ಹಾಗಾಗಿ ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು ಅದರಿಂದ ಇದಕ್ಕೆ, ಇದರಿಂದ ಅದಕ್ಕೆ ದಾಟುತ್ತಾ ಆ ತುಣುಕನ್ನು ಎಳೆದ. ಕುಣಿಯುವವರಿಗೆ ಬೇಕಾದದ್ದೇ ಸಂಗೀತವಾಯಿತು. ದೊಡ್ಡವರು ಯಾರೂ ಕೂತು ಯೋಜನೆ ಹಾಕಲಿಲ್ಲ ನೋಡಿ.

ಇಬ್ಬರು ಎದುರುಬದುರು ನಿಂತು ಪ್ರಾಸದಲ್ಲೇ ಪೈಪೋಟಿ ಮಾಡುವ ರ‍್ಯಾಪ್ ಬ್ಯಾಟಲ್ ಅಂದರೆ ಬೈದಾಟ ಅಂತ ನಿಮ್ಮ ಹಿರಿಯರು ಹೆದರಬಹುದು. ಉತ್ತರ ಕರ್ನಾಟಕದ ಹರದೇಶಿ–ನಾಗೇಶಿ ಮೇಳಗಳು ಎದುರಾಳಿಗಳಾಗಿ ರಾತ್ರಿಯಿಡೀ ಸವಾಲು ಹಾಕಿ ಹಾಡುವುದನ್ನು ಕೇಳಿದವರಿಗೆ ಇದೇನು ಹೊಸದಲ್ಲ, ಅಲ್ವಾ? ಕಾಲೆಳೆಯಬೇಕು, ಪ್ರಾಸ ತಪ್ಪಬಾರದು, ಕೈ ಮಾತ್ರ ಎತ್ತಬಾರದು.

ಕೆಲಸ ಕೆಡುವುದು ಎಲ್ಲಿ ಗೊತ್ತಾ? "ಸ್ವಚ್ಛತೆ ಬಗ್ಗೆ ಒಂದು ರ‍್ಯಾಪ್ ಬರೆಯಿರಿ" ಅಂತ ವಿಷಯ ಕೊಟ್ಟು, ವೇದಿಕೆಯಲ್ಲಿ ಅತಿಥಿಗಳ ಭಾಷಣದ ನಡುವೆ ಐದು ನಿಮಿಷ ಕೊಟ್ಟಾಗ. ಹುಡುಗರು ಒಂದು ಸಲ ಬಂದು ಸುಮ್ನೆ ಜಾಗ ಖಾಲಿ ಮಾಡುತ್ತಾರೆ. ಅದರ ಬದಲು ವಾರಕ್ಕೊಂದು ಸಂಜೆ ಸಂಘದ ಕೋಣೆಯ ಕೀ ಅವರಿಗೇ ಕೊಡಿ. ಒಂದು ಸ್ಪೀಕರ್, ಒಂದು ಮೈಕ್ ಸಾಕು. ಹಾಡಲು ನಾಚುವವನು ಸೌಂಡ್ ನೋಡಿಕೊಳ್ಳಲಿ, ಚಿತ್ರ ಬರೆಯುವವಳಿಗೆ ಗೋಡೆ ಬಿಡಿ. ಬೀದಿ ದೀಪ, ನೀರು, ಬಸ್ಸಿನ ಗೋಳು ಅವರ ಸಾಲುಗಳಲ್ಲಿ ತಾನಾಗಿ ಬರುತ್ತದೆ. ಪಂಚಾಯಿತಿ ಸದಸ್ಯರ ಮೇಲೂ ನಾಲ್ಕು ಸಾಲು ಬಂದೀತು, ಅದಕ್ಕೂ ತಯಾರಿರಿ.

ಹಾಂ, ಅಕ್ಕಪಕ್ಕದ ಮನೆಯವರಿಗೆ ಮೊದಲೇ ಹೇಳಿಬಿಡಿ. ಪರೀಕ್ಷೆ ಹತ್ತಿರ ಬಂದಾಗ ಜಗಳ ಬರುವುದು ಸೌಂಡಿನಿಂದಲೇ ಜಾಸ್ತಿ.