ಸೋಲಾರ್ ಈಜುಕೊಳದಲ್ಲಿ ದಿನವಿಡೀ ಗಾಳಿಗುಳ್ಳೆ ಬರುತ್ತಿದ್ದರೆ ಪಂಪು ಬದಲಿಸಬೇಕೇ?

ತೀರ್ಥಹಳ್ಳಿ ಸಮೀಪದ ನಿಮ್ಮ ಹೋಮ್‌ಸ್ಟೇಯಲ್ಲಿ ಕೊಳದ ನೀರು ಕಾಯಿಸುವ ಸೋಲಾರ್ ಪ್ಯಾನೆಲ್‌ಗಳು ಹಂಚಿನ ಮಾಡಿನ ಮೇಲಿವೆ, ಕೊಳ ಕೆಳಗೆ ಅಡಿಕೆ ತೋಟದ ಅಂಚಿನಲ್ಲಿದೆ. ಸೋಲಾರ್ ಓಡುವಷ್ಟು ಹೊತ್ತೂ ಕೊಳಕ್ಕೆ ನೀರು ಬೀಳುವ ಬಾಯಲ್ಲಿ ಗುಳ್ಳೆಗಳೇಳುತ್ತವೆ, ನೀರು ಸಾಕಷ್ಟು ಬೆಚ್ಚಗಾಗುವುದಿಲ್ಲ, ಬೆಳಿಗ್ಗೆ ಸ್ಕಿಮ್ಮರ್ (ಮೇಲಿನ ನೀರನ್ನು ಪಂಪಿಗೆ ಎಳೆಯುವ ಕೊಳದಂಚಿನ ಬಾಯಿ) ಬಳಿ ಕೆಸರು ಕಾಣುತ್ತದೆ, ಪ್ಲಂಬರ್ ದೊಡ್ಡ ಪಂಪು ಹಾಕಿಸಲು ಹೇಳುತ್ತಿದ್ದಾರೆ ಎಂದು ಬರೆದಿದ್ದೀರಿ. ಶಿವಮೊಗ್ಗದ ಸುತ್ತಮುತ್ತ ಇಂತಹ ಕೊಳಗಳ ಪೈಪಿನ ಕೆಲಸ ನೋಡಿಕೊಳ್ಳುವವನಾಗಿ ನಾನು ಹೇಳುವುದು ಇಷ್ಟೇ: ಗಾಳಿ ಎಲ್ಲಿಂದ ಒಳನುಗ್ಗುತ್ತಿದೆ ಎಂದು ತಿಳಿಯುವವರೆಗೆ ಪಂಪಿಗೆ ಹಣ ಹಾಕಬೇಡಿ.

ರಾತ್ರಿ ಪ್ಯಾನೆಲ್‌ಗಳು ಖಾಲಿಯಾಗಿರುವುದರಿಂದ ಬೆಳಿಗ್ಗೆ ಮೊದಲ ಕೆಲವು ನಿಮಿಷ ಗುಳ್ಳೆ ಬರುವುದು ಸಹಜ. ಆಮೇಲೂ ನಿಲ್ಲದಿದ್ದರೆ ಮೂರು ದಾರಿಯ ವಾಲ್ವನ್ನು ತಿರುಗಿಸಿ, ನೀರು ಪ್ಯಾನೆಲ್‌ಗೆ ಹೋಗದೆ ನೇರ ಕೊಳಕ್ಕೆ ಬರುವಂತೆ ಮಾಡಿ. ಆಗಲೂ ಗುಳ್ಳೆ ಬಂದರೆ ದೋಷ ಪಂಪಿನ ಹಿಂದಿನ ಹೀರುವ ಪೈಪಿನಲ್ಲಿದೆ. ನಿಂತುಹೋದರೆ ಸೋಲಾರ್ ಕಡೆಯಲ್ಲಿದೆ.

ನಿಮ್ಮಲ್ಲಿ ಎರಡನೆಯದೇ ಇರಬಹುದೆಂದು ನನ್ನ ಅನಿಸಿಕೆ, ಏಕೆಂದರೆ ಮಲೆನಾಡಿನ ಇಳಿಜಾರಿನಲ್ಲಿ ಮನೆ ಮೇಲೆ, ಕೊಳ ಕೆಳಗೆ ಇರುವುದರಿಂದ ಮಾಡಿಗೂ ಕೊಳಕ್ಕೂ ನಡುವಿನ ಎತ್ತರ ಬಯಲುಸೀಮೆಯ ಮನೆಗಳಿಗಿಂತ ಬಹಳ ಹೆಚ್ಚಾಗಿರುತ್ತದೆ. ಹತ್ತು ಮೀಟರ್ ಎತ್ತರದ ನೀರಿನ ಕಂಬಕ್ಕೆ ಸುಮಾರು 1 ಬಾರ್ ಒತ್ತಡವಿರುತ್ತದೆ. ಹಿಂತಿರುಗುವ ಪೈಪಿನಲ್ಲಿ ಕೆಳಗಿಳಿಯುವ ನೀರು ತನ್ನ ಹಿಂದಿನ ನೀರನ್ನು ಎಳೆಯುವುದರಿಂದ ಪ್ಯಾನೆಲ್‌ನ ಮೇಲ್ತುದಿಯಲ್ಲಿ ಒತ್ತಡವು ಹೊರಗಿನ ಗಾಳಿಯ ಒತ್ತಡಕ್ಕಿಂತಲೂ ಕೆಳಗೆ ಬೀಳುತ್ತದೆ. ಅಲ್ಲಿ ಕೂರಿಸಿರುವ ವ್ಯಾಕ್ಯೂಮ್ ರಿಲೀಫ್ ವಾಲ್ವ್ (ಒಳಗೆ ಒತ್ತಡ ಕುಸಿದಾಗ ಗಾಳಿ ಬಿಟ್ಟುಕೊಳ್ಳುವ ವಾಲ್ವ್) ಆಗ ತೆರೆದುಕೊಂಡು ದಿನವಿಡೀ ಗಾಳಿ ಹೀರುತ್ತದೆ.

ಇದಕ್ಕೆ ಖರ್ಚಿಲ್ಲದ ಪರಿಹಾರವಿದೆ. ಮೊದಲು ಫಿಲ್ಟರ್ ಬ್ಯಾಕ್‌ವಾಷ್ ಮಾಡಿ (ನೀರನ್ನು ಹಿಮ್ಮುಖವಾಗಿ ಹರಿಸಿ ತೊಳೆಯಿರಿ), ಏಕೆಂದರೆ ಸ್ವಚ್ಛ ಫಿಲ್ಟರಿನ ಒತ್ತಡಕ್ಕಿಂತ ಗೇಜು 0.5ರಿಂದ 0.7 ಬಾರ್ ಮೇಲೇರಿದ್ದರೆ ನೀರಿನ ಹರಿವೇ ಕುಂದಿರುತ್ತದೆ. ನಂತರ ಹಿಂತಿರುಗುವ ಪೈಪಿನ ಕೆಳತುದಿಯ ವಾಲ್ವನ್ನು ಗುಳ್ಳೆಗಳು ನಿಲ್ಲುವವರೆಗೆ ಸ್ವಲ್ಪಸ್ವಲ್ಪವೇ ಮುಚ್ಚುತ್ತಾ ಬನ್ನಿ. ಗೇಜು ತುಸು ಏರುತ್ತದೆ, ಆದರೆ ಫಿಲ್ಟರಿನ ಮೇಲೆ ನಮೂದಿಸಿರುವ ಗರಿಷ್ಠ ಒತ್ತಡದ ಹತ್ತಿರಕ್ಕೂ ಹೋಗಬಾರದು. ಅದರಿಂದಾಗದಿದ್ದರೆ ರಿಲೀಫ್ ವಾಲ್ವನ್ನು ತುದಿಯಿಂದ ತೆಗೆದು, ನೀರು ಪ್ಯಾನೆಲ್ ಸೇರುವ ಕೆಳಭಾಗದ ಪೈಪಿಗೆ ಹಾಕಿಸಿ, ಅಲ್ಲಿ ಒತ್ತಡ ಹೆಚ್ಚಿರುತ್ತದೆ. ದಯವಿಟ್ಟು ರಿಲೀಫ್ ವಾಲ್ವೇ ಇಲ್ಲದಂತೆ ಎಂಡ್ ಕ್ಯಾಪ್ ಹಾಕಿ ಮುಚ್ಚಿಸಬೇಡಿ. ಗುಳ್ಳೆ ನಿಂತಿತೆಂದು ಕೆಲವರು ಹಾಗೆ ಮಾಡಿಬಿಡುತ್ತಾರೆ; ಪಂಪು ನಿಂತ ಕ್ಷಣ ನೀರು ಕೆಳಗೆ ಬೀಳುವ ಸೆಳೆತಕ್ಕೆ ಪ್ಯಾನೆಲ್‌ನ ಸಣ್ಣ ಕೊಳವೆಗಳು ಒಳಕ್ಕೆ ಕುಗ್ಗಿ ಹಾಳಾಗುತ್ತವೆ.

ಹೀರುವ ಕಡೆಯ ಸೋರಿಕೆಯಾದರೆ ಅದು ಪಂಪು ಓಡುವಾಗ ಕಣ್ಣಿಗೆ ಬೀಳುವುದಿಲ್ಲ, ಅಲ್ಲಿ ನೀರು ಹೊರಬರುವ ಬದಲು ಗಾಳಿ ಒಳಹೋಗುತ್ತದೆ. ಪಂಪು ಓಡುತ್ತಿರುವಾಗ, ಮೋಟಾರಿಗೆ ತಾಗದಂತೆ, ಒಂದೊಂದೇ ಜಾಯಿಂಟಿನ ಮೇಲೆ ನೀರು ಸುರಿದು ನೋಡಿ. ಎಲ್ಲಿ ಸುರಿದಾಗ ಗುಳ್ಳೆ ಕಡಿಮೆಯಾಗುತ್ತದೋ ಅಲ್ಲೇ ಬಿರುಕು. ಹೆಚ್ಚಾಗಿ ಅದು ಪಂಪಿನ ಬುಟ್ಟಿಯ ಮುಚ್ಚಳದ ಓ-ರಿಂಗ್ (ರಬ್ಬರ್ ಉಂಗುರ) ಆಗಿರುತ್ತದೆ. ಕೊಳದ ನೀರು ಸ್ಕಿಮ್ಮರ್ ಬಾಯಿಯ ಅರ್ಧಕ್ಕಿಂತ ಕೆಳಗಿಳಿದಿಲ್ಲವೆಂದೂ ನೋಡಿಕೊಳ್ಳಿ.

ಬೆಳಗಿನ ಕೆಸರಿನದು ಬೇರೆ ವಿಷಯ. ಸಂಜೆ ಪಂಪು ನಿಂತಾಗ ಮಾಡಿನ ನೀರು ಫಿಲ್ಟರಿನ ಮೂಲಕ ಹಿಂದಕ್ಕೆ ನುಗ್ಗಿ, ಅಲ್ಲಿ ಸೇರಿದ್ದ ಕೊಳೆಯನ್ನು ಸ್ಕಿಮ್ಮರ್‌ಗೆ ತಳ್ಳುತ್ತಿದೆ. ಫಿಲ್ಟರಿಗೂ ಪ್ಯಾನೆಲ್‌ಗೂ ನಡುವಿನ ನಾನ್-ರಿಟರ್ನ್ ವಾಲ್ವ್ (ನೀರು ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವ್) ಸರಿಯಾಗಿ ಮುಚ್ಚುತ್ತಿಲ್ಲ. ಬಿಚ್ಚಿ ನೋಡಿದರೆ ಎಲೆಯ ತೊಟ್ಟು ಸಿಕ್ಕಿಕೊಂಡಿರಬಹುದು, ಇಲ್ಲವೇ ಸ್ಪ್ರಿಂಗ್ ಸತ್ತಿರಬಹುದು.

ಬಿಸಿಯ ಬಗ್ಗೆ ಒಂದು ಮಾತು. ಪ್ಯಾನೆಲ್‌ನಿಂದ ಬರುವ ನೀರು ಸ್ನಾನದ ನೀರಿನಂತೆ ಸುಡಬೇಕೆಂದು ನಿರೀಕ್ಷಿಸಬೇಡಿ. ಅದು ಕೊಳದ ನೀರಿಗಿಂತ ಕೆಲವೇ ಡಿಗ್ರಿ ಬೆಚ್ಚಗಿದ್ದು ಧಾರಾಳವಾಗಿ ಹರಿದರೆ ವ್ಯವಸ್ಥೆ ಸರಿಯಿದೆ. ಬಿಸಿಲಿನಲ್ಲಿ ಪ್ಯಾನೆಲ್ ಮುಟ್ಟಿದಾಗ ಒಂದು ಭಾಗ ಮಾತ್ರ ಕಾದಿದ್ದರೆ ಅಲ್ಲಿ ಏರ್ ಲಾಕ್ ಇದೆ, ಅಂದರೆ ಗಾಳಿ ಸಿಕ್ಕಿಕೊಂಡು ನೀರು ಹರಿಯುತ್ತಿಲ್ಲ. ಮಧ್ಯಾಹ್ನ ವೋಲ್ಟೇಜನ್ನೂ ಅಳೆಸಿ. ಅದು ಕುಸಿದಿದ್ದರೆ ಪಂಪು ನಿಧಾನವಾಗಿ ಮಾಡಿನವರೆಗೆ ನೀರು ತುಂಬಿ ಹರಿಯುವುದಿಲ್ಲ, ದೊಡ್ಡ ಪಂಪು ತಂದರೂ ಅದೇ ಪಾಡು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮ್ಮ ಕಡೆ ಬಿಸಿಲೇ ಅಪರೂಪವಾದ್ದರಿಂದ ಆ ತಿಂಗಳುಗಳಲ್ಲಿ ಪ್ಯಾನೆಲ್‌ಗಳನ್ನು ಬೈಪಾಸ್ ಮಾಡಿ, ನೀರು ಪೂರ್ತಿ ಇಳಿಸಿಡಿ. ನಾನ್-ರಿಟರ್ನ್ ವಾಲ್ವಿನ ಕೆಲಸವನ್ನೂ ಆಗಲೇ ಮಾಡಿಸಿಕೊಳ್ಳಬಹುದು.